ರೆಪ್ಪೆಯ ಅಂಚು

ಕಣ್ಣು ತೆರೆಯಲಾಗದ ಆ ಮುಂಜಾವುಗಳು ನನಗೆ ಇಂದಿಗೂ ನೆನಪಿವೆ. ಎಚ್ಚರವಾಗಿರುತ್ತಿತ್ತು, ಬೀದಿಯಲ್ಲಿ ಕಸ ಗುಡಿಸುವ ಸದ್ದು ಕೇಳುತ್ತಿತ್ತು. ರೆಪ್ಪೆಗಳು ಮಾತ್ರ ಅಂಟಿಕೊಂಡೇ ಇರುತ್ತಿದ್ದವು. ಮುಚ್ಚಿದ ರೆಪ್ಪೆಯೊಳಗೆ ಬೆಳಕು ಕೆಂಪಗೆ ಕಾಣುತ್ತಿತ್ತು. ಆ ಕೆಂಪು ಕಾಣುವಷ್ಟು ದಿನ ನಾನು ಕುರುಡಿಯಲ್ಲ ಎಂದುಕೊಂಡು ಉಗುಳು ಹಚ್ಚಿ ಬಿಡಿಸಿಕೊಳ್ಳುತ್ತಿದ್ದೆ.

ಆಗ ನನಗೆ ಇಪ್ಪತ್ತೆಂಟು. ಸೀರೆಗೆ ಕಸೂತಿ ಹಾಕುವುದು ನನ್ನ ಕೆಲಸ. ಎಳೆ ಎಣಿಸಿ ಸೂಜಿ ಚುಚ್ಚುವವಳಿಗೆ ಕಣ್ಣೇ ಬಂಡವಾಳ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಅವಳ ಅಕ್ಕ, ದೊಡ್ಡವ್ವ ನೀಲಗಂಗವ್ವ. ದೊಡ್ಡವ್ವನ ಎರಡೂ ಕಣ್ಣು ನಾನು ಹುಟ್ಟುವ ಮೊದಲೇ ಹೋಗಿದ್ದವು. ಮೊದಲು ಅವಳ ರೆಪ್ಪೆ ಕೆಂಪಾಗಿ ಬಾತು, ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟು ಕಟ್ಟಿತೆಂದು ಅವ್ವ ಹೇಳಿದ್ದಳು. ಮುಂದಿನದನ್ನು ಹೇಳಿರಲಿಲ್ಲ. ಅದೇ ಹೊಟ್ಟು ಕನ್ನಡಿಯಲ್ಲಿ ನನ್ನ ರೆಪ್ಪೆಯ ಮೇಲೆ ಕಂಡ ದಿನ ನನಗೂ ಅದೇ ಗತಿ ಎಂದುಕೊಂಡೆ.

ಯಾರಿಗೂ ಹೇಳಲಿಲ್ಲ. ಕಾಡಿಗೆಯನ್ನು ದಪ್ಪಗೆ ತೀಡಿ ಕೆಂಪು ಮುಚ್ಚಿದೆ, ಉರಿ ಹೆಚ್ಚಿತು. ಮನೆಯೊಳಗೆ ಕಣ್ಣು ಮುಚ್ಚಿ ನಡೆಯುವುದನ್ನು ರೂಢಿ ಮಾಡಿಕೊಳ್ಳತೊಡಗಿದೆ. ಒಲೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ.

ಕೊನೆಗೆ ಪಕ್ಕದ ಓಣಿಯ ಮುದುಕಿಯೊಬ್ಬಳು ಎಕ್ಕದ ಹಾಲು ಬೆರೆಸಿದ ಮದ್ದು ಕೊಟ್ಟು, ಕಣ್ಣಿಗೆ ಎರಡೆರಡು ಹನಿ ಬಿಟ್ಟುಕೊಳ್ಳಲು ಹೇಳಿದಳು. ಮರುದಿನ ಮತ್ತೆ ಅದೇ ಕೆಂಪು ಕತ್ತಲೆ. ತಡವರಿಸಿ, ಮೊದಲ ಸಲ ಆ ಮದ್ದಿನ ಸೀಸೆಯ ಬಿರಡೆ ತೆಗೆದೆ.

ಗೋಡೆಗೆ ಒರಗಿದ್ದ ದೊಡ್ಡವ್ವ ತಲೆಯೆತ್ತಿದಳು. “ಏನದು? ಎಕ್ಕದ ವಾಸನಿ ಬಂತಲ್ಲ.”

ಸುಳ್ಳು ಹೇಳಲಾಗದೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು.

“ನನ್ನ ಕಣ್ಣು ರೆಪ್ಪಿ ಬ್ಯಾನಿಯಿಂದ ಹೋಗಲಿಲ್ಲವ್ವಾ. ಇದನ್ನ ಬಿಟ್ಟದ್ದಕ್ಕ ಹೋದುವು.”

“ಯಾರು ಬಿಟ್ಟರು?”

ಅವಳು ಸೀಸೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. “ನಿಮ್ಮವ್ವ. ಆಕಿಗೆ ಆಗ ಹದಿನಾಲ್ಕು. ಅಕ್ಕನ ಉರಿ ಕಡಿಮಿ ಆಗಲಿ ಅಂತ ಬಿಟ್ಟಳು. ನಿನ್ನ ಮುಂದ ಹೇಳಬ್ಯಾಡ ಅಂದಿದ್ಳು.”

ಅಂದೇ ಅವಳು ನನ್ನನ್ನು ಕಣ್ಣಿನ ಡಾಕ್ಟರರ ಬಳಿಗೆ ಹೊರಡಿಸಿ, ತಾನೂ ನನ್ನ ಕೈ ಹಿಡಿದು ಬಂದಳು. ಅವರು ದೀಪ ಹಿಡಿದು ನೋಡಿದರು. ಉರಿಯೂತ ರೆಪ್ಪೆಯ ಅಂಚಿನಲ್ಲಿದೆ, ಕಣ್ಣಿಗೆ ಏನೂ ಆಗಿಲ್ಲ ಎಂದರು. ದಿನಕ್ಕೆರಡು ಸಲ ಬೆಚ್ಚನೆಯ ನೀರಿನ ಬಟ್ಟೆ ಇಟ್ಟು, ಹೊಟ್ಟು ಮೆತ್ತಗಾದ ಮೇಲೆ ಹಗುರವಾಗಿ ಒರೆಸಬೇಕು. ಕಾಡಿಗೆ ಬೇಡ, ಉಜ್ಜುವುದು ಬೇಡ. ಇದು ಆಗಾಗ ಮರಳಿ ಬರುತ್ತದೆ, ಬಿಡದೆ ಮಾಡುತ್ತಿರಬೇಕು. ಅವರು ಹೇಳಿದಂತೆಯೇ ಅದು ಎಷ್ಟೋ ಸಲ ಮರಳಿತು, ಆದರೆ ನನ್ನ ಸೂಜಿ ಇಂದಿಗೂ ನಿಂತಿಲ್ಲ.

ಅಂದು ದೊಡ್ಡವ್ವ ಪಕ್ಕದಲ್ಲಿ ತಲೆ ತಗ್ಗಿಸಿ ಡಾಕ್ಟರರ ಮಾತು ಕೇಳುತ್ತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು: “ಇಷ್ಟ ಏನ್ರಿ?”

“ಇಷ್ಟೇ” ಎಂದರು ಡಾಕ್ಟರು.

ಮರಳುವಾಗ ಅವಳು ಬಟ್ಟೆಯಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ, ರೆಪ್ಪೆ ಒರೆಸಲು ಬಟ್ಟೆ ಕೇಳಿದಳು. ಅಂಗಡಿಯವನು ತುಂಡುಗಳನ್ನು ಒಂದೊಂದಾಗಿ ಕೈಗೆ ಕೊಟ್ಟ. ಅವಳು ಪ್ರತಿಯೊಂದನ್ನೂ ತನ್ನ ಮುಚ್ಚಿದ ರೆಪ್ಪೆಗಳ ಮೇಲೆ ಮೆಲ್ಲಗೆ ಎಳೆದು ನೋಡಿ, ಒರಟಾದುದನ್ನು ಬದಿಗಿಡುತ್ತ ಹೋದಳು.