ಬೆವರು ಬರುವ ಆಟ

ವರ್ಷಕ್ಕೊಮ್ಮೆ ಹೊಸದಾಗಿ ಬರುವ ಆ ಕ್ರಿಕೆಟ್ ವಿಡಿಯೋ ಗೇಮ್ ಈ ಸಲವೂ ಬಂದಿತ್ತು. ಬೈರಕೂರಿನ ಉಮಾಶಂಕರ ಕೊಳ್ಳಲಿಲ್ಲ. ಕೇಳಿದವರಿಗೆ, "ಹಳೇದಕ್ಕೇ ಬಣ್ಣ ಬಳಿದು ಮಾರ್ತಾರೆ" ಎನ್ನುತ್ತಿದ್ದ. ನಿಜವಾದ ಕಾರಣ ಬೇರೆ. ಗೇಮಿನ ಫೈಲುಗಳನ್ನು ತಿದ್ದಿ ತಮಗೆ ಬೇಕಾದ ಮುಖ, ಮೈದಾನಗಳನ್ನು ಸೇರಿಸುವುದಕ್ಕೆ ಮಾಡ್ ಎನ್ನುತ್ತಾರೆ. ಆ ಕೆಲಸದಲ್ಲಿ ಪಳಗಿದ ಅವನು, ತೀರಿಕೊಂಡ ಅಣ್ಣ ಮುನಿಕೃಷ್ಣನನ್ನು ಹಳೆಯ ಗೇಮಿನಲ್ಲಿ ನಿಲ್ಲಿಸಿದ್ದ. ಹಣೆಯ ಮೇಲೆ ನಾಮ, ಎಡಗೈ ಬೌಲಿಂಗ್, ಮೈಯನ್ನು ಮುಂದಕ್ಕೆ ವಾಲಿಸಿಕೊಂಡು ಬರುವ ಅದೇ ಓಟ. ಹಳೆಯ ಮಾಡ್ ಹೊಸ ಗೇಮಿಗೆ ಹೊಂದದು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹೋದವನನ್ನು ಎಷ್ಟು ಸಲ ಮಾಡುವುದು?

ಸಂಜೆ ದೇವರ ದೀಪ ಹಚ್ಚಿದ ಮೇಲೆ ತಾಯಿ ಅಂಜಮ್ಮ ಅವನ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಹಿರಿಮಗ ಒಂದು ಓವರ್ ಹಾಕುವುದನ್ನು ನೋಡಿ, ಕೈಮುಗಿದು ಏಳುತ್ತಿದ್ದಳು. ಅಷ್ಟು ಹೊತ್ತು ತಾಯಿ ತನ್ನ ಬಳಿ ಇರುವುದೇ ಉಮಾಶಂಕರನಿಗೆ ದೊಡ್ಡ ಭಾಗ್ಯ.

ಆ ಭಾಗ್ಯಕ್ಕೆ ನಂಗಲಿಯ ವೆಂಕಟ್ ಕಲ್ಲು ಹಾಕಿದ. ಅಣ್ಣನ ತಂಡದ ವಿಕೆಟ್ ಕೀಪರ್ ಅವನು. ಮಾಡ್ ಮಾಡುವುದನ್ನು ಕಲಿತದ್ದು ಉಮಾಶಂಕರನಿಂದಲೇ. ಲ್ಯಾಪ್‌ಟಾಪ್ ಹಿಡಿದು ಬಂದವನು, "ಅಮ್ಮಾ, ಯಾರು ಬಂದವ್ರೆ ನೋಡಿ" ಎಂದ.

ಹೊಸ ಗೇಮಿನಲ್ಲಿ ಮುನಿಕೃಷ್ಣ ಚೆಂಡು ಹಿಡಿದು ನಿಂತಿದ್ದ. ಬಿಸಿಲಿಗೆ ಹಣೆಯಲ್ಲಿ ಬೆವರು ಮೂಡಿ ನಾಮದ ಪಕ್ಕದಲ್ಲಿ ಇಳಿಯಿತು. ಅಂಜಮ್ಮ ಸೆರಗಿನ ತುದಿಯಿಂದ ಪರದೆಯನ್ನು ಒರೆಸಿದಳು.

"ಎಷ್ಟು ದಣಿದಿದ್ದೀಯೋ ನಾಯನಾ!"

ಉಮಾಶಂಕರನ ಹೊಟ್ಟೆಗೆ ಬೆಂಕಿ ಬಿತ್ತು. ತಾನು ಮಾಡಿದ ಅಣ್ಣನ ಕಡೆಗೆ ಆ ಸೆರಗು ಒಮ್ಮೆಯೂ ಚಾಚಿರಲಿಲ್ಲ.

"ಬೆವರು ಗೇಮ್ ಕಂಪನಿಯೋರ್ದಮ್ಮ. ಇವನೇನ್ ಮಾಡಿದ್ದು?"

"ಲೇ ಉಮಾ, ಹೊಟ್ಟೆ ಉರೀತಿದ್ರೆ ಮಜ್ಜಿಗೆ ಕುಡಿಯೋ" ಎಂದು ವೆಂಕಟ್ ನಕ್ಕ.

ಅಷ್ಟರಲ್ಲಿ ಮುನಿಕೃಷ್ಣ ಓಡಿ ಬಂದು ಚೆಂಡು ಎಸೆದ. ಅಂಜಮ್ಮನ ಕೈ ಅಲ್ಲೇ ನಿಂತಿತು.

"ಮುಖ ನಮ್ಮೋನ್ದೇ. ಓಟ ಇನ್ಯಾರ್ದೋ."

ಉಮಾಶಂಕರ ಮನಸ್ಸಿನಲ್ಲೇ ಆಂಜನೇಯಸ್ವಾಮಿಗೆ ತೆಂಗಿನಕಾಯಿ ಹರಸಿಕೊಂಡ. ಆದರೆ ತಾಯಿ ಓವರ್ ಮುಗಿಯುವವರೆಗೂ ಕೂರಲಿಲ್ಲ. ಕೈಮುಗಿಯದೆಯೇ ಎದ್ದು ಒಳಗೆ ಹೋದಳು. ಅವನ ಹಿಗ್ಗು ಇಳಿದುಹೋಯಿತು. ಆ ಬೆವರನ್ನು ಕಂಡ ಮೇಲೆ ಹಳೆಯ ಗೇಮಿನ ಒಣ ಮುಖ ಆಕೆಗೆ ಇನ್ನು ಹಿಡಿಸದು.

ವೆಂಕಟ್ ದನಿ ತಗ್ಗಿಸಿದ. "ಓಟ ನಂಗೆ ಬರ್ಲಿಲ್ಲ ಕಣೋ. ಕೀಪರ್ ಅಲ್ವಾ, ಅಣ್ಣನ್ನ ಎದುರಿಂದ ನೋಡಿದ್ದು ಅಷ್ಟೇ. ಬೌಂಡರಿ ಹತ್ರ ಕೂತು ಪಕ್ಕದಿಂದ ನೋಡಿದೋನು ನೀನು."

ಉಮಾಶಂಕರ ಎದ್ದು ಅಂಗಳಕ್ಕೆ ಇಳಿದ.

"ಅಣ್ಣನ ಹಂಗೇ ಓಡ್ತೀನಿ, ಫೋನಲ್ಲಿ ವಿಡಿಯೋ ಹಿಡ್ಕೋ. ನೋಡ್ಕೊಂಡು ಕೈಕಾಲು ಕೂರಿಸೋಣ. ಮಾಡ್‌ಗೆ ಹೆಸರು ಹಾಕುವಾಗ ನನ್ದು ಮೊದಲು, ಹೇಳಿದ್ದೀನಿ."

"ಹಾಕ್ಕೊಳ್ಳಪ್ಪ, ಮಾರಾಯ."

ಬೇಲಿಯ ಬಳಿಯಿಂದ ಉಮಾಶಂಕರ ಎಡಗೈ ಎತ್ತಿ, ಮೈ ವಾಲಿಸಿ ಓಡಿ ಬಂದ. ತುಳಸಿಕಟ್ಟೆಯ ಹತ್ತಿರ ನಿಂತು ತಿರುಗಿದಾಗ ಅಂಜಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಇನ್ನೂ ಒಂಚೂರು ವಾಲ್ಬೇಕು" ಎಂದಳು.

ತಾಯಿ ನೋಡುತ್ತಿರುವುದು ತನ್ನನ್ನೋ ಅಣ್ಣನನ್ನೋ ಎಂದು ಕೇಳುವ ಆಸೆ ಅವನಿಗಾಯಿತು. ಕೇಳದೆ ಬೇಲಿಯ ಕಡೆಗೆ ಹಿಂದಿರುಗಿ, ಇನ್ನೂ ಒಂಚೂರು ವಾಲಿ ಓಡಿದ.