ಉಪ್ಪ ಸರಿ ಐತೇನು?

ತಿಪ್ಪಣ್ಣ ಮಾಸ್ತರರು ಒಲೆಯ ಮೇಲಿನ ಅಡುಗೆಯನ್ನು ಜನ್ಮದಲ್ಲೇ ರುಚಿ ನೋಡಿದವರಲ್ಲ. ಹುಡುಗರಾಗಿದ್ದಾಗ ರೋಣದ ಕಡೆಯ ಒಂದು ಮಠದ ಪ್ರಸಾದನಿಲಯದಲ್ಲಿ ಓದಿದವರು. ಅಲ್ಲಿ ಸರದಿಯ ಮೇಲೆ ಹುಡುಗರೇ ಅಡುಗೆ ಮಾಡಬೇಕಿತ್ತು, ಲಿಂಗಕ್ಕೆ ಅರ್ಪಿಸುವ ಮುನ್ನ ಸೌಟಿನ ತುದಿ ನಾಲಗೆಗೆ ತಾಕಿದರೂ ಅದು ಎಂಜಲು. ಮಠ ಬಿಟ್ಟು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ಈಗ ಸಿಂಗಾಪುರದ ಟೋವಾ ಪಾಯೋದಲ್ಲಿ ಮಗನ ಮನೆಯ ಅಡುಗೆಯನ್ನೆಲ್ಲ ತಾವೇ ವಹಿಸಿಕೊಂಡಿದ್ದರೂ ಆ ಕಟ್ಟು ಮುರಿದಿಲ್ಲ. ನಾಲಗೆಯ ಕೆಲಸವನ್ನು ಅವರು ಕಿವಿಗೆ ಒಪ್ಪಿಸಿಬಿಟ್ಟಿದ್ದಾರೆ. ಮುಚ್ಚಳದ ಪಕ್ಕ ತಲೆ ಓರೆ ಮಾಡಿ ನಿಂತು, ಬೇಳೆಯ ಕುದಿತ ದಪ್ಪಗಾಯಿತೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯುತ್ತಾರೆ.

ಬಡಿಸಿದ ಮೇಲೆ ಜೊತೆಗೆ ಕೂರುವುದಿಲ್ಲ, ತಾವು ಉಣ್ಣುವುದು ಕೊನೆಗೆ. ಎಲ್ಲರ ಮೊದಲ ತುತ್ತು ಇಳಿಯುವವರೆಗೆ ಗೋಡೆಗೊರಗಿ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: “ಉಪ್ಪ ಸರಿ ಐತೇನು?” ಹೆಂಡತಿ ಗೌರವ್ವ ಇದ್ದಷ್ಟು ದಿನ ಆ ಪ್ರಶ್ನೆಗೆ ಬೆಲೆಯಿತ್ತು. “ಬ್ಯಾಳ್ಯಾಗ ಉಪ್ಪ ಹಾಕೀರೋ, ಉಪ್ಪಿನ್ಯಾಗ ಬ್ಯಾಳಿ ಹಾಕೀರೋ?” ಎಂದು ಆಕೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು, ಮಾಸ್ತರರು ಸಿಟ್ಟಾಗುತ್ತಿದ್ದರು, ಮರುದಿನ ತಿದ್ದಿಕೊಳ್ಳುತ್ತಿದ್ದರು. ಆಕೆ ಹೋದ ಮೇಲೆ ಎಲ್ಲರೂ ಮರ್ಯಾದಸ್ಥರಾಗಿಬಿಟ್ಟರು. ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಮಗ ನವನೀತ್ ಫೋನಿನಿಂದ ಕಣ್ಣೆತ್ತದೆ “ಸೂಪರ್ ಅಪ್ಪಾ” ಎನ್ನುತ್ತಾನೆ. ಸೊಸೆ “ಸರಿ ಐತ್ರಿ ಮಾವಾರ” ಎನ್ನುತ್ತಾಳೆ. ಒಮ್ಮೆ ಸಾರಿಗೆ ಉಪ್ಪನ್ನೇ ಮರೆತಿದ್ದು ತಾವು ಉಣ್ಣಲು ಕುಳಿತಾಗ ತಿಳಿಯಿತು. ಅಂದೂ ಇಬ್ಬರದೂ ಅದೇ ಉತ್ತರ ಬಂದಿತ್ತು. ಆಮೇಲೆ ಮಾಸ್ತರರು ಪ್ರಶ್ನೆಯನ್ನೇನೂ ಬಿಡಲಿಲ್ಲ, ಆದರೆ ಉತ್ತರಕ್ಕೆ ಕಾಯುವುದನ್ನು ಬಿಟ್ಟರು.

ಸೊಸೆಯ ಹೆಸರು ರೋವೆನಾ. ಫಿಲಿಪ್ಪೀನ್ಸಿನ ಬಟಾಂಗಾಸ್ ಕಡೆಯವಳು, ಯಿಶುನ್‌ನ ಆಸ್ಪತ್ರೆಯಲ್ಲಿ ನರ್ಸು. ಮಾವನ ಬಾಯಲ್ಲಿ ಅವಳು ಮೊದಲ ವಾರದಲ್ಲೇ ರೋಣವ್ವ ಆದಳು. ಕನ್ನಡವನ್ನು ಅವರಿಂದಲೇ ಕಲಿತದ್ದರಿಂದ ಅವಳು ಆಡುವುದು ಅಪ್ಪಟ ಗದಗ ಸೀಮೆಯ ಮಾತು. ನವನೀತನ ಬೆಂಗಳೂರಿನ ಗೆಳೆಯರು ಅದನ್ನು ಕೇಳಿ ಬಿದ್ದು ಬಿದ್ದು ನಗುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ಅವಳು ಮನೆಯೊಳಗೆ ಮಾಂಸ ತಂದವಳಲ್ಲ. ಬೇಡವೆಂದವರಿಲ್ಲ, ತಾ ಎಂದವರೂ ಇಲ್ಲ. “ನಮ್ಮ ರೋಣವ್ವ ಲಿಂಗ ಕಟ್ಟದಿದ್ದರೂ ನಮ್ಮಾಕಿನ” ಎಂದು ಮಾಸ್ತರರು ಊರಿನಲ್ಲಿರುವ ಅಕ್ಕನ ಮುಂದೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆ ಹೆಮ್ಮೆ ಇಳಿದದ್ದು ಒಂದು ಸಂಜೆ, ಮನೆಯಿರುವ ಬ್ಲಾಕಿನ ಕೆಳಗೆ ಗೋಡೆಗಳಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ. ರೋವೆನಾಳ ತಾಯಿ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಬಿರುಗಾಳಿಗೆ ವಿಮಾನಗಳು ನಿಂತು, ಅವಳು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು, ಮುಖ ನೋಡಲಾಗದೆ ಮರಳಿದ್ದಳು. ಆ ಸಂಜೆ ಮಾಸ್ತರರು ಎಂದಿನ ತಿರುಗಾಟಕ್ಕೆ ಇಳಿದಿದ್ದರು. ಸಿಂಗಾಪುರದ ಬೇಯಿಸುವ ಸೆಖೆಯಲ್ಲೂ ಬಿಡದ ಖಾದಿ ಜಾಕೀಟು, ಅದರ ಕಿಸೆಯಲ್ಲಿ ನಾಲ್ಕು ಲವಂಗ, ಬೆನ್ನ ಹಿಂದೆ ಕಟ್ಟಿದ ಕೈ, ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡುವವರ ನಿಧಾನದ ಹೆಜ್ಜೆ. ಕಂಬದ ಆಚೆಯ ಕಲ್ಲುಮೇಜಿನ ಮುಂದೆ ನರ್ಸಿನ ಉಡುಪಿನಲ್ಲೇ ಕುಳಿತು ಸೊಸೆ ಪ್ಲಾಸ್ಟಿಕ್ ಡಬ್ಬಿಯಿಂದ ಏನನ್ನೋ ತಿನ್ನುತ್ತಿದ್ದಳು, ತಿನ್ನುತ್ತ ಅಳುತ್ತಿದ್ದಳು. ಮಾವನನ್ನು ಕಂಡವಳೇ ಡಬ್ಬಿಯನ್ನು ಚೀಲದೊಳಗೆ ತುರುಕಿ ಬಾಯಿ ಒರೆಸಿಕೊಂಡಳು. ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಮಕ್ಕಳ ಮುಖವನ್ನು ಮೂವತ್ತು ವರ್ಷ ಕಂಡಿದ್ದ ಮಾಸ್ತರರಿಗೆ ಅಂಥದೇ ಮುಖವನ್ನು ತಮ್ಮ ಮನೆಯ ಹೆಣ್ಣುಮಗಳಲ್ಲಿ ಕಂಡು ನಾಚಿಕೆಯಾಯಿತು. ಅವಳ ಬಗ್ಗೆ ಅಲ್ಲ, ತಮ್ಮ ಬಗ್ಗೆಯೇ.

“ಏನವ್ವಾ ಅದು?” ಎಂದು ಎದುರಿಗೆ ಕುಳಿತರು.

“ಬಿಸ್ಟೆಕ್ ರಿ. ಬೀಫ್. ನಮ್ಮವ್ವ ಮಾಡತಿದ್ಲು. ಸಾರಿ, ಮಾವಾರ.”

“ನಿಮ್ಮ ಕಡಿ ಹೋದವರಿಗೆ ಎಡಿ ಇಡತೀರೇನು?”

ಇಡುತ್ತೇವೆ ಎಂದಳು. ನಲವತ್ತನೆಯ ದಿನ ಜೀವ ಈ ಲೋಕ ಬಿಟ್ಟು ಪೂರ್ತಿ ಹೊರಡುತ್ತದೆ, ಆ ದಿನ ಪ್ರಾರ್ಥನೆ ಮಾಡಿ ಅವರಿಗೆ ಇಷ್ಟವಾದದ್ದನ್ನು ಫೋಟೋದ ಮುಂದಿಡುತ್ತೇವೆ, ಅದನ್ನು ಗೆಳತಿಯ ಮನೆಯಲ್ಲಿ ಮಾಡಬೇಕೆಂದುಕೊಂಡಿದ್ದೇನೆ ಎಂದಳು. “ಇಲ್ಲಿ ಬ್ಯಾಡ್ರಿ” ಎಂದೂ ಸೇರಿಸಿದಳು. ಮಾಸ್ತರರು ಎದ್ದರು. “ಎಡಿ ಅಂದ್ರ ಸ್ವಂತ ಮನ್ಯಾಗ ಇಡಬೇಕು. ತಾಯಿ ಕಳಕೊಂಡಾಕಿ ಒಲಿ ಮುಂದ ನಿಂದ್ರಬಾರದು, ಮನಿ ಹಿರೇರು ಮಾಡಬೇಕು. ಮನ್ಯಾಗ ಹಿರ್ಯಾ ಅಂದ್ರ ನಾನು. ಹ್ಯಾಂಗ ಮಾಡೂದು ಹೇಳು.”

ಅವಳು ಹೇಳಿದಳು. ತೆಳ್ಳಗೆ ಹೆಚ್ಚಿದ ಮಾಂಸವನ್ನು ಸೋಯಾ ಸಾಸು, ಕಲಮಾನ್ಸಿ ಎಂಬ ಪುಟ್ಟ ನಿಂಬೆಯ ರಸ, ಬೆಳ್ಳುಳ್ಳಿ, ಮೆಣಸಿನ ಪುಡಿಯಲ್ಲಿ ನೆನೆಹಾಕಬೇಕು. ಅರ್ಧ ದಿನ ನೆನೆದರೆ ಒಳ್ಳೆಯದು. ಹುರಿದು, ಆ ನೆನೆಸಿದ ರಸದಲ್ಲೇ ಬೇಯಿಸಿ, ಮೇಲೆ ಬಳೆಬಳೆಯಾಗಿ ಹೆಚ್ಚಿದ ಈರುಳ್ಳಿ ಹಾಕಬೇಕು. ಉಪ್ಪೆಷ್ಟು ಎಂದು ಮಾಸ್ತರರು ಕೇಳಲಿಲ್ಲ, ಉಪ್ಪಿನ ಅಂದಾಜು ಅವರ ಬೆರಳಿಗೇ ಗೊತ್ತು. ಅವಳೂ ಹೇಳಲಿಲ್ಲ.

ಮನೆಯಲ್ಲಿ ಹೆಚ್ಚು ಕಸಿವಿಸಿಗೊಂಡವನು ನವನೀತ್. “ಅಪ್ಪಾ, ಪ್ಲೀಸ್, ನಿಮಗ್ಯಾಕೆ ಇದೆಲ್ಲ? ಆರ್ಡರ್ ಮಾಡಿದ್ರೆ ಡೆಲಿವರಿ ಆಗುತ್ತೆ. ಮಾಡ್ಲೇಬೇಕು ಅಂದ್ರೆ ಸೆಪರೇಟ್ ಪ್ಯಾನ್ ಆದ್ರೂ ತರ್ತೀನಿ.” ಹೊಸ ಪಾತ್ರೆ ಬೇಕೆಂಬುದನ್ನು ಮಾಸ್ತರರೂ ಒಪ್ಪಿದರು. “ತಗೊಂಡು ಬಾ. ಎಡಿ ಅಡಿಗಿಗೆ ಯಾವಾಗಲೂ ಹೊಸಾ ಪಾತ್ರಿನ” ಎಂದರು. ಮಗ ತಂದದ್ದು ಮೈಲಿಗೆಯ ಅಂಜಿಕೆಯಿಂದ, ತಂದೆ ತೆಗೆದುಕೊಂಡದ್ದು ಮಡಿಗಾಗಿ.

ನಲವತ್ತನೆಯ ದಿನ ಬೆಳಿಗ್ಗೆ ಮಾಸ್ತರರು ವಿಭೂತಿ ಧರಿಸಿಯೇ ಮಾರುಕಟ್ಟೆಗೆ ಹೋದರು. ಮಾಂಸದಂಗಡಿಯ ತಮಿಳು ಮುಸಲ್ಮಾನ ಮುದುಕ ಅವರ ಹಣೆ ನೋಡಿ ಗಾಬರಿಯಾದ. “ಅಂಕಲ್, ದಿಸ್ ಒನ್ ಬೀಫ್ ಆ. ಮಟನ್ ಅದರ್ ಸೈಡ್ ಲಾ.” “ಐ ನೋ. ಮೈ ಡಾಟರ್ ಈಟಿಂಗ್” ಎಂದರು ಮಾಸ್ತರರು. ಮುದುಕ ಮತ್ತೇನೂ ಕೇಳದೆ ತೆಳ್ಳಗೆ ಹೆಚ್ಚಿ, ಎರಡು ಚೀಲಗಳಲ್ಲಿ ಸುತ್ತಿ, ಹೊರಗೆ ಏನೂ ಕಾಣದಂತೆ ಕಟ್ಟಿಕೊಟ್ಟ.

ಮನೆಗೆ ಬಂದು ಎಲ್ಲ ಕಲಸಿ ಮುಚ್ಚಿಟ್ಟರು. ಕಲಸುವಾಗ, ಎಪ್ಪತ್ತು ದಾಟಿದ ಕೈ ತಾನಾಗಿ ಡಬ್ಬಿಗೆ ಹೋಗಿ ಒಂದು ದೊಡ್ಡ ಚಿಟಿಕೆ ಉಪ್ಪನ್ನೂ ಹಾಕಿತು. ಸೋಯಾ ಸಾಸನ್ನು ಒಮ್ಮೆಯೂ ಬಾಯಿಗೆ ಇಟ್ಟವರಲ್ಲ. ಅದರೊಳಗೇ ಉಪ್ಪಿರುತ್ತದೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಸಂಜೆ ಒಲೆ ಹಚ್ಚುವ ಮೊದಲು, ಸಿಂಗಾಪುರಕ್ಕೆ ಬಂದ ಮೇಲೆ ಮೊದಲ ಸಲ ಅಡುಗೆಮನೆಯಲ್ಲಿ ಆ ಜಾಕೀಟು ಕಳಚಿ ಮೊಳೆಗೆ ಸಿಕ್ಕಿಸಿದರು. ಎದೆಯ ಮೇಲೆ ಲಿಂಗದ ಕರಡಿಗೆ ತೂಗುತ್ತಿತ್ತು. ಅದನ್ನು ತೆಗೆದಿಡಬೇಕೇ ಎಂದು ಹಿಂದಿನ ದಿನವೆಲ್ಲ ಹೊಯ್ದಾಡಿದ್ದರು; ಕೊನೆಗೆ, ನಾನು ನಿಂತಿರುವ ಕಡೆ ನೀನೂ ನಿಲ್ಲು ಎಂದುಕೊಂಡು ಕೊರಳಲ್ಲೇ ಬಿಟ್ಟಿದ್ದರು.

ಮಾಂಸ ಎಣ್ಣೆಗೆ ಬಿದ್ದಿತು. ಆ ವಾಸನೆಗೆ ಜಾಕೀಟಿನ ಕಿಸೆಯಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡು, ಕಿಟಕಿಯತ್ತ ಮುಖ ತಿರುಗಿಸಿ, ಕಿವಿಯನ್ನು ಮಾತ್ರ ಬಾಣಲೆಯ ಕಡೆ ಕೊಟ್ಟು ನಿಂತರು. ಆ ಸದ್ದಿನ ಪರಿಚಯವಿರಲಿಲ್ಲ. ಮೊದಲು ಸಿಡಿಯಿತು, ಆಮೇಲೆ ನೀರೊಡೆದು ಗೊಣಗಿತು, ರಸ ಇಂಗುತ್ತ ಬಂದಂತೆ ಗಸಿಯಾಗುವ ಪಲ್ಯದ ದನಿ ಬಂತು. ಆ ದನಿ ಗೊತ್ತಿದ್ದದ್ದು. ಈರುಳ್ಳಿ ಹಾಕಿ ಇಳಿಸಿದರು. ನಡುವೆ ಅಕ್ಕನ ಫೋನು ಬಂದಿತ್ತು, ಎತ್ತಲಿಲ್ಲ. ಸುಳ್ಳು ಹೇಳಲು ಮನಸ್ಸಿರಲಿಲ್ಲ, ನಿಜ ಹೇಳಲು ಧೈರ್ಯವಿರಲಿಲ್ಲ.

ಡ್ಯೂಟಿ ಮುಗಿಸಿ ಬಂದ ರೋವೆನಾ ಸ್ನಾನ ಮಾಡಿ, ತಾಯಿಯ ಫೋಟೋದ ಮುಂದೆ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸಿದಳು. ಮಾಸ್ತರರು ಅನ್ನದ ಪಕ್ಕದಲ್ಲಿ ಬಿಸ್ಟೆಕ್ ಬಡಿಸಿ, ನೀರಿಟ್ಟು, ಮಗ ಸೊಸೆಯರಿಬ್ಬರನ್ನೂ ಕೋಣೆಯಿಂದ ಹೊರಡಿಸಿ ಬಾಗಿಲು ಮುಚ್ಚಿದರು. ಯಾಕೆಂದು ಅವಳು ಕೇಳಿದಳು. “ನಾವು ಮುಂದ ನಿಂತ್ರ ಹೋದವರು ನಾಚಿ ಉಣ್ಣೂದಿಲ್ಲವ್ವ. ಬೀಗರ ಮನಿ ಬ್ಯಾರೆ. ಸಾವಕಾಶ ಉಣ್ಣಲಿ” ಎಂದರು. ವಾಯ್ಡ್ ಡೆಕ್‌ನಲ್ಲಿ ಡಬ್ಬಿ ಮುಚ್ಚಿಟ್ಟವಳು ಆ ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ, ಈ ಸಲ ಯಾರಿಗೂ ಮರೆಮಾಡದೆ ಅತ್ತಳು.

ಆಮೇಲೆ ಊಟ. ಮಾವನಿಗೂ ಮಗನಿಗೂ ರೊಟ್ಟಿ ಪಲ್ಯ, ಅವಳಿಗೆ ಎಡೆಯ ತಟ್ಟೆ, ಎಲ್ಲ ಒಂದೇ ಮೇಜಿನ ಮೇಲೆ. ಅವಳ ಮೊದಲ ತುತ್ತು ಇಳಿಯಿತು. “ಉಪ್ಪ ಸರಿ ಐತೇನು?” ಎನ್ನುತ್ತಲೇ ಮಾಸ್ತರರು ರೂಢಿಯಂತೆ ಅಡುಗೆಮನೆಗೆ ತಿರುಗಿದ್ದರು.

“ಇಲ್ರಿ. ಭಾಳ ಜಾಸ್ತಿ ಆಗೇತಿ. ಸೋಯಾ ಸಾಸ್‌ದಾಗ ಮೊದಲ ಉಪ್ಪ ಇರತೈತಿ, ಮತ್ತ ಯಾಕ ಹಾಕಿದ್ರಿ?”

ನವನೀತನ ಕೈ ತಟ್ಟೆಯಲ್ಲೇ ನಿಂತಿತು. ಮಾಸ್ತರರು ತಿರುಗಿ ಬಂದು, ಎಲ್ಲರ ಜೊತೆ ಎಂದೂ ಕೂರದವರು ಕುರ್ಚಿ ಎಳೆದುಕೊಂಡು ಕುಳಿತರು.

“ಮತ್ತ ನಿನ್ನಿ ಸಾರು?”

“ಸಪ್ಪಗಿತ್ರಿ.”

“ಮೊನ್ನಿ ಬ್ಯಾಳಿ?”

“ಅದೂ ಜಾಸ್ತೀನರಿ.”

“ಇಷ್ಟ ದಿನ ಯಾಕ ಹೇಳಲಿಲ್ಲ ನೀ?”

ಅವಳು ಇನ್ನಷ್ಟು ಅನ್ನ ಹಾಕಿಕೊಂಡು ಆ ಉಪ್ಪುಪ್ಪು ಮಾಂಸವನ್ನು ಕಲಸಿ ಉಂಡಳು, ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಮಾಸ್ತರರು ನಗುತ್ತಿದ್ದರು, ನಗುತ್ತ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗೌರವ್ವ ಹೋದ ಮೇಲೆ ಅವರ ಪ್ರಶ್ನೆಗೆ ಬಂದ ಮೊದಲ ಉತ್ತರ ಅದು.

ತಾವು ರುಚಿ ನೋಡದೆ ಇನ್ನೊಬ್ಬರಿಗೆ ಬಡಿಸುವ ಇಂಥ ಜನ ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. ಮೊದಲ ತುತ್ತಿನ ಹಕ್ಕನ್ನು ಅವರು ದೇವರಿಗೋ ಹೋದವರಿಗೋ ಹಸಿದವರಿಗೋ ಬಿಟ್ಟುಕೊಟ್ಟು, ತಮ್ಮ ಕೈಯಡುಗೆ ಹೇಗಾಗಿದೆಯೆಂದು ತಿಳಿಯಲು ಜೀವಮಾನವಿಡೀ ಬೇರೆಯವರ ನಾಲಗೆಯನ್ನೇ ನಂಬಿರುತ್ತಾರೆ. ನಾವೋ, ಗೌರವ ಕೊಡುತ್ತಿದ್ದೇವೆಂದುಕೊಂಡು, ಚೆನ್ನಾಗಿದೆ ಚೆನ್ನಾಗಿದೆ ಎಂದು ಹೇಳಿ ಅವರನ್ನು ಗೋಡೆಯ ಬಳಿಯೇ ಒಂಟಿಯಾಗಿ ನಿಲ್ಲಿಸಿಬಿಡುತ್ತೇವೆ. ಬಂದು ಹೋಗುವವರು ಉಪ್ಪಿನ ಮಾತೆತ್ತುವುದಿಲ್ಲ. ಅದನ್ನು ಎತ್ತುವವರು ಮನೆಯವರು. ಅವರ ಬಾಯಿಂದ ಅದು ಬಂದ ದಿನವೇ ಇಂಥವರು ಕುರ್ಚಿ ಎಳೆದುಕೊಂಡು ಎಲ್ಲರ ಜೊತೆ ಊಟಕ್ಕೆ ಕೂರುತ್ತಾರೆ.