ಅವ್ವನ ಪದಗಳಿದ್ದ ಕಂಪ್ಯೂಟರ್

ಗಂಟಲಿನ ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದಾಗ ವಿರುಪಮ್ಮ ಅಳಲಿಲ್ಲ. ಅತ್ತವಳು ಮಗಳು ಸುಕನ್ಯಾ. ಸಂಡೂರು ಗುಡ್ಡದ ಬುಡದ ಆ ಊರಿನಲ್ಲಿ ವಿರುಪಮ್ಮನ ಸೋಬಾನೆ ಇಲ್ಲದೆ ಯಾರ ಮನೆಯ ಅರಿಶಿಣ ಕುಟ್ಟುವ ಶಾಸ್ತ್ರವೂ ನಡೆದದ್ದಿಲ್ಲ. ಊರ ಸುತ್ತಲಿನ ನೆಲವನ್ನೆಲ್ಲ ಅದಿರಿಗಾಗಿ ಅಗೆಯತೊಡಗಿದ ಮೇಲೆ ಆಕೆಯೂ ಸುತ್ತಿಗೆ ಹಿಡಿದು ಕಲ್ಲು ಒಡೆಯಲು ಹೋದಳು. ಅಲ್ಲಿಯೂ ಹಾಡುತ್ತಿದ್ದಳು. ಕೆಂಪು ಧೂಳು ಬಾಯಿಗೆ ಬಂದರೆ ಉಗಿದು, ಬಿಟ್ಟ ಸಾಲಿನಿಂದಲೇ ಮುಂದುವರಿಸುತ್ತಿದ್ದಳು.

ಆಪರೇಷನ್ನಿಗೆ ಮುಂಚೆ ಸುಕನ್ಯಾ ಅವ್ವನನ್ನು ತುಂಗಭದ್ರಾ ಡ್ಯಾಂನ ತನ್ನ ಕ್ವಾರ್ಟರ್ಸಿಗೆ ಕರೆತಂದಳು. ಗಂಡ ಜಂಬುನಾಥ ಕಾಲುವೆ ಆಫೀಸಿನಲ್ಲಿದ್ದ. ಅವಳು ಪ್ರೈಮರಿ ಶಾಲೆಯ ಟೀಚರು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರು ಮುಚ್ಚುವಾಗ ಜಂಬುನಾಥ ತಂದಿದ್ದ ಹಳೇ ಕಂಪ್ಯೂಟರೊಂದು ಮನೆಯಲ್ಲಿತ್ತು. ಹೊಟ್ಟೆ ದಪ್ಪನೆಯ ಮಾನಿಟರು, ಮಿಕ್ಸಿಯಂತೆ ಸದ್ದು ಮಾಡುವ ಫ್ಯಾನು. ಅದಕ್ಕೊಂದು ಮೈಕು ಸಿಕ್ಕಿಸಿ ಅವ್ವನನ್ನು ಮುಂದೆ ಕೂರಿಸಿದಳು.

“ಇದರ ಮುಂದ ಕುಂತು ಹಾಡಂದ್ರ ಹೆಂಗ ಹಾಡ್ಲೇ? ಆ ಅನ್ನಂಗಿಲ್ಲ, ಊ ಅನ್ನಂಗಿಲ್ಲ ಇದು” ಎಂದು ವಿರುಪಮ್ಮ ನಕ್ಕಳು. ಆದರೂ ಹಾಡಿದಳು. ಬೀಸುವ ಪದ, ತೊಟ್ಟಿಲ ಪದ, ಹೆಣ್ಣು ಒಪ್ಪಿಸುವ ಪದ. ನೋವಿಗೆ ದನಿ ಒಡೆದರೂ ನಿಲ್ಲಿಸಲಿಲ್ಲ. ಎಲ್ಲವನ್ನೂ ಸುಕನ್ಯಾ ಒಂದು ಫೋಲ್ಡರಿನಲ್ಲಿಟ್ಟು ‘ಅವ್ವ’ ಎಂದು ಹೆಸರು ಕೊಟ್ಟಳು.

ಆಪರೇಷನ್ ಆಯಿತು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ವಿರುಪಮ್ಮ ಮಗಳ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಮಗಳು ಶಾಲೆಯಿಂದ ಬಂದರೆ ಸಾಕು, ಟೀ ಲೋಟ ಹಿಡಿದು ಕಂಪ್ಯೂಟರಿನ ಕಡೆ ಬೆರಳು ತೋರಿಸುವಳು. ಸುಕನ್ಯಾ ಹಾಡು ಹಚ್ಚಿದರೆ ಕಣ್ಣು ಮುಚ್ಚಿ, ಸದ್ದಿಲ್ಲದ ತುಟಿಗಳಲ್ಲಿ ತನ್ನ ಹಾಡಿಗೆ ತಾನೇ ಸೊಲ್ಲು ಕೂಡಿಸುವಳು.

ಸುಕನ್ಯಾಳ ತಮ್ಮ ಓಬಳೇಶ ಹೊಸಪೇಟೆ ಹೊರಗಿನ ಅದಿರು ಯಾರ್ಡಿನಲ್ಲಿ ಕೆಲಸಕ್ಕಿದ್ದ. ಅಲ್ಲಿನ ಆಫೀಸಿನ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ಸಿನಿಮಾ ತುಂಬಿಕೊಂಡು ಬಂದು ಅಕ್ಕನ ಮನೆಯಲ್ಲಿ ನೋಡುವುದು ಅವನ ರೂಢಿ. ಅಂಥದೊಂದು ಭಾನುವಾರ ಕಳೆದ ಮೇಲೆ ಕಂಪ್ಯೂಟರು ತೆವಳತೊಡಗಿತು. ಕೇಳದಿದ್ದರೂ ಕೊಳಕು ಚಿತ್ರಗಳ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ‘ಅವ್ವ’ ಒತ್ತಿದರೆ ಪರದೆ ಒಮ್ಮೆ ಮಿಣುಕಿ ಸುಮ್ಮನಾಗುತ್ತಿತ್ತು. ಒಳಗೆ ಒಂದು ಹಾಡೂ ಕಾಣುತ್ತಿರಲಿಲ್ಲ.

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಮನೋಹರ್ ಜಂಬುನಾಥನ ಗೆಳೆಯ. ಸುಕನ್ಯಾ ಫೋನ್ ಮಾಡಿದಾಗ ಅವನು ಸಂಡೂರಿನ ಯಾವುದೋ ಕಂಪನಿಯ ಕೆಲಸದಲ್ಲಿದ್ದ.

“ವೈರಸ್ ಬಂದೈತ್ರಿ ಮೇಡಂ. ಮುಚ್ಚಿಟ್ಟ ಫೈಲ್ ತೋರಿಸೂ ಹಂಗ ಮಾಡಿದ್ರ ಒಂದ ಹೆಸರಿನವು ಎರಡೆರಡು ಕಾಣ್ತಾವು. ಅದರಾಗ ಒಂದು ಖೋಟಾ. ಅದನ್ನ ಶಿಫ್ಟ್ ಒತ್ತಿ ಡಿಲೀಟ್ ಮಾಡಬೇಕು. ಆಮ್ಯಾಲ ಆಂಟಿವೈರಸ್ ಸಿ.ಡಿ. ಹಾಕಬೇಕು.”

“ಖೋಟಾ ಯಾವುದಂತ ಹೆಂಗ ಗೊತ್ತಾಗತೈತ್ರಿ?”

“ನೋಡಿದ್ರ ತಿಳೀತೈತಿ. ಇಲ್ಲಾಂದ್ರ ಬಿಡ್ರಿ, ಭಾನುವಾರ ನಾನ ಬರ್ತೀನಿ. ಅಲ್ಲೀತನಕ ಮುಟ್ಟಬ್ಯಾಡ್ರಿ.”

ಸುಕನ್ಯಾ ಮುಟ್ಟುತ್ತಿರಲಿಲ್ಲವೇನೋ. ಆದರೆ ಅವ್ವ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಳು. ಸುಕನ್ಯಾ ಮೌಸ್ ಹಿಡಿದು, ಮುಚ್ಚಿಟ್ಟ ಫೈಲ್ ಕಾಣುವಂತೆ ಮಾಡಿದಳು. ಮನೋಹರ್ ಹೇಳಿದಂತೆಯೇ ಎರಡು ‘ಅವ್ವ’ ಕಂಡವು. ಒಂದು ಎಂದಿನ ಹಳದಿ ಬಣ್ಣದ್ದು. ಇನ್ನೊಂದು ಮಸುಕು ಮಸುಕಾದ, ನೆರಳಿನಂಥದ್ದು. ತಾನು ದಿನವೂ ನೋಡಿದ್ದ ಬಣ್ಣವನ್ನು ನಂಬಿದಳು. ಮಸುಕಾದದ್ದನ್ನು ಆರಿಸಿ, ಶಿಫ್ಟ್ ಒತ್ತಿ, ಅಳಿಸಿದಳು. ಖಾತ್ರಿಯೇ ಎಂದು ಯಂತ್ರ ಕೇಳಿತು. ಹೌದು ಎಂದಳು. ಬಳಿಕ ಗಂಡ ತಂದಿಟ್ಟಿದ್ದ ಸಿ.ಡಿ. ಹಾಕಿದಳು. ಅದು ಬಹಳ ಹೊತ್ತು ಹುಡುಕಿ, ಸಿಕ್ಕ ವೈರಸ್ಸನ್ನೆಲ್ಲ ತೆಗೆದುಹಾಕಿದ್ದೇನೆ ಎಂದು ತೋರಿಸಿತು. ಕೊಳಕು ಕಿಟಕಿಗಳು ನಿಂತವು. ಯಂತ್ರ ಹೊಸದರಂತೆ ಓಡಿತು. “ಬಾ ಅವ್ವ, ಕುಂದ್ರು” ಎಂದು ಕುರ್ಚಿ ಎಳೆದಳು.

ಹಳದಿ ‘ಅವ್ವ’ ಇರಲಿಲ್ಲ. ಮಸುಕು ‘ಅವ್ವ’ನೂ ಇರಲಿಲ್ಲ.

“ಕಂಪ್ಯೂಟರ್ ಕೆಟ್ಟೈತಿ, ಮನೋಹರ್ ಬಂದು ಸರಿ ಮಾಡ್ತಾನ” ಎಂದು ಭಾನುವಾರದವರೆಗೂ ಅವ್ವನಿಗೆ ಹೇಳುತ್ತ ಬಂದಳು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದವಳು ನಡುವೆ ಮರೆತು ನಿಂತುಬಿಡುತ್ತಿದ್ದಳು.

ಮನೋಹರ್ ಬಂದು ನೋಡಿ, ಅಳಿಸಿದ್ದು ಯಾವುದೆಂದು ಸುಕನ್ಯಾಳನ್ನು ಕೇಳಿ ತಿಳಿದುಕೊಂಡ.

“ಮಸುಕು ಕಂಡದ್ದ ಖರೇದು ಇತ್ರಿ ಮೇಡಂ. ವೈರಸ್ಸು ಅದನ್ನ ಮುಚ್ಚಿಟ್ಟು, ಅದರ ವೇಷ ತಾ ಹಾಕ್ಕೊಂಡಿತ್ತು. ಆ ಹಳದೀದನ್ನ ಸಿ.ಡಿ. ಅಳಿಸೈತಿ. ಫೋನಿನಾಗ ನಾ ಬಿಡಿಸಿ ಹೇಳಬೇಕಿತ್ತು.”

ಅಳಿಸಿದ್ದನ್ನು ಎಬ್ಬಿಸುವ ಸಾಫ್ಟ್‌ವೇರ್ ಹಾಕಿದ. ಹಾಡುಗಳ ಹೆಸರುಗಳು ಒಂದೊಂದಾಗಿ ಮೇಲೆದ್ದು ಬಂದವು. ಸುಕನ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಮೌಸ್ ಒತ್ತಿದರೆ ಅವು ತೆರೆಯಲೇ ಇಲ್ಲ. ಒಂದು ಮಾತ್ರ ತೆರೆಯಿತು. ಕುಕ್ಕರಿನ ಸೀಟಿ, “ತಡಿಯೇ, ನೀರು ಕುಡೀತೀನಿ” ಎಂಬ ವಿರುಪಮ್ಮನ ದನಿ, ಮುಂದೆ ಬರೀ ಗರಗರ. ಹಾಡುಗಳು ಅಳಿದ ಜಾಗದಲ್ಲೇ ಆಂಟಿವೈರಸ್ ಹೋಗಿ ಕೂತಿದೆ, ಅವು ಇನ್ನು ಬರುವುದಿಲ್ಲ ಎಂದ ಮನೋಹರ್. ಸುಕನ್ಯಾ ತಿರುಗಿ ನೋಡಿದರೆ ಅವ್ವ ಹಿಂದೆಯೇ ನಿಂತಿದ್ದಳು.

ಸಂಜೆ ಬಂದ ಓಬಳೇಶ ಹೊಸ್ತಿಲಲ್ಲೇ ಕೂತ. “ನನ್ನ ಪೆನ್‌ಡ್ರೈವಿಂದ ಆಗಿದ್ದು ಅಕ್ಕ. ಬೈಯಿ ನನ್ನ.” ಸುಕನ್ಯಾಗೆ ಬೈಯಲು ಬರಲಿಲ್ಲ. ಹೌದು ಎಂದು ಒತ್ತಿದ ಬೆರಳು ಅವನದಲ್ಲ.

ಮರುದಿನ ಅವಳು ಅವ್ವನ ಮುಂದೆ ಕೂತಳು. “ನೀ ತುಟಿ ಆಡ್ಸು, ನಾ ಹಾಡ್ತೀನಿ. ಕಲೀತೀನಿ.” ಓದು ಬರಹ ಬಾರದ ವಿರುಪಮ್ಮ ತುಟಿ ಆಡಿಸಿದಳು. ಹೆಣ್ಣು ಒಪ್ಪಿಸುವ ಪದದ ಮೊದಲ ಸಾಲು ಸುಕನ್ಯಾಗೆ ಬರುತ್ತಿತ್ತು. ಎರಡನೆಯದು ಅರ್ಧ. ಮುಂದಿನದಕ್ಕೆ ಅವ್ವನ ತುಟಿಗಳನ್ನೇ ದಿಟ್ಟಿಸಿ, ಊಹಿಸಿ, ಏನೋ ಒಂದು ಹಾಡಿದಳು. ಅವ್ವ ತಲೆಯಾಡಿಸಿ ಅಲ್ಲವೆಂದಳು. ಮತ್ತೆ ಹಾಡಿದಳು, ಅದೂ ಅಲ್ಲ. ವಿರುಪಮ್ಮ ಜೋರಾಗಿ ತುಟಿ ಆಡಿಸಹೋದಾಗ ಕೆಮ್ಮು ಒತ್ತರಿಸಿ ಬಂದು ಕುತ್ತಿಗೆಯ ಬಟ್ಟೆ ಹಾರಿ ಹಾರಿ ಬಿತ್ತು. ಆದರೂ ಸುಕನ್ಯಾ ಬಿಡಲಿಲ್ಲ. ತಪ್ಪು ಸೊಲ್ಲುಗಳನ್ನೇ ಅಳುತ್ತಾ ಹಾಡಿದಳು.

ವಿರುಪಮ್ಮ ಕೈ ಚಾಚಿ ಮಗಳ ಬಾಯಿಯ ಮೇಲೆ ಅಂಗೈ ಇಟ್ಟಳು. ಸಿಟ್ಟಿನಿಂದಲ್ಲ. ಸಾಕು ಎಂಬಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಎದ್ದು ಹಿತ್ತಲಿಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಅಂದಿನಿಂದ ಅವಳ ತುಟಿಗಳೂ ಆಡಲಿಲ್ಲ.